ಹೊರಗಿನವರಿಗೆ ಮಾತ್ರ

ಆರ್ಲನ್ ವೋಸ್ ಮೊದಲ ಸಲ ಕುರ್ಚಿಯಲ್ಲಿ ಕೂತ ದಿನವೇ ಡ್ಯಾನೆಟ್ ಅವನ ಕಿವಿ ಕತ್ತರಿಸಿದಳು.

ಪೂರ್ತಿ ಅಲ್ಲ, ಎಡಗಿವಿಯ ಅಂಚಿನಲ್ಲಿ ಒಂದು ಸಾಸಿವೆಯಷ್ಟು. ಆದರೂ ರಕ್ತ ಬಂತು. ಗಿರಾಕಿಗೆ ಗಾಯವಾದರೆ ಏನು ಮಾಡಬೇಕೆಂದು ಸಲೂನಿನ ಒಡತಿ ಮೊದಲೇ ಹೇಳಿಕೊಟ್ಟಿದ್ದಳು. ಕ್ಷಮೆ ಕೇಳಬಾರದು. ಕೇಳಿದರೆ ತಪ್ಪು ಒಪ್ಪಿಕೊಂಡ ಹಾಗೆ, ಆಮೇಲೆ ವಿಮೆ ಕಂಪನಿ ತಕರಾರು ತೆಗೆಯುತ್ತದೆ. ಹತ್ತಿ ಒತ್ತಬೇಕು, ಫಾರಂ ಕೊಡಬೇಕು, ಸುಮ್ಮನಿರಬೇಕು.

ಡ್ಯಾನೆಟ್ ತುಟಿ ಕಚ್ಚಿಕೊಂಡು ಹತ್ತಿ ಒತ್ತಿದಳು. ಅವನು ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿದ್ದ.

"ಸಾರಿ ಅನ್ನೋ ಪದ್ಧತಿ ಇಲ್ವಾ ಈ ಅಂಗಡೀಲಿ?"

"ಹೇಳೋ ಹಾಗಿಲ್ಲ."

"ಯಾಕೆ?"

"ವಿಮೆ."

ಅವನು ನಕ್ಕ. ಬಿಸಿಲಿಗೆ ಕೆಂಪಾದ ಮುಖ, ಹುಬ್ಬಿನ ಮೇಲೆ ಟೋಪಿ ಕೂತಲ್ಲಿ ಒಂದು ಬಿಳಿ ಗೆರೆ. ಫಾರಂನಲ್ಲಿ 'ಗಾಯದ ವಿವರ' ಎಂದಿದ್ದ ಕಡೆ ನಿಧಾನವಾಗಿ ಬರೆದ: 'ಕಿವಿಗೆ ಆದದ್ದು ಚಿಕ್ಕದು. ಮಿಕ್ಕಿದ್ದನ್ನು ಮುಂದಿನ ವಾರ ಹೇಳುತ್ತೇನೆ.'

ಮುಂದಿನ ವಾರ ಬಂದ. ತಲೆಯಲ್ಲಿ ಕತ್ತರಿಸುವಂಥ ಕೂದಲೇನೂ ಇರಲಿಲ್ಲ.

ವರ್ಷ ತುಂಬುವುದರೊಳಗೆ ಡ್ಯಾನೆಟ್ ಮೆಕ್ಕೆಜೋಳದ ಹೊಲಗಳ ನಡುವೆ ಇದ್ದ ಅವನ ಮನೆಗೆ ಬಂದು ಸೇರಿದಳು. ಭಾನುವಾರ ಹಿತ್ತಿಲ ಜಗಲಿಯಲ್ಲಿ ಅವನ ಕೂದಲು ಕತ್ತರಿಸುತ್ತಿದ್ದಳು. ಕೈಗನ್ನಡಿ ಕೊಟ್ಟರೆ ಅವನು ತನ್ನ ಮುಖ ನೋಡಿಕೊಳ್ಳುತ್ತಿರಲಿಲ್ಲ. ಕನ್ನಡಿಯನ್ನು ವಾರೆ ಮಾಡಿ, ಹಿಂದೆ ನಿಂತ ಅವಳ ಕತ್ತು ಹುಡುಕುತ್ತಿದ್ದ. ಕತ್ತು ಕೆಂಪಾಗುವವರೆಗೆ ಕನ್ನಡಿ ಇಳಿಸುತ್ತಿರಲಿಲ್ಲ.

ಆದರೆ ನಾಲ್ಕು ಜನರ ಎದುರು ಅವಳಿಗೆ ಅವನು ಒಂದು ಹೆಸರು ಕೊಡಲಿಲ್ಲ. ಚರ್ಚಿನ ಊಟದಲ್ಲಿ ಯಾರಾದರೂ ವಿಚಾರಿಸಿದರೆ, "ನನ್ನ ಕೂದಲು ಕತ್ತರಿಸೋಳು" ಅನ್ನುತ್ತಿದ್ದ. ಹೇಳಿ, ಅವಳಿಗೆ ಮಾತ್ರ ಕಾಣುವ ಹಾಗೆ ಕಣ್ಣು ಹೊಡೆಯುತ್ತಿದ್ದ. ಮೇಜಿನ ಸುತ್ತ ಕೂತವರು ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಆ ಕಣ್ಣಿನ ಸನ್ನೆ ಒಂದನ್ನೇ ಮನೆಗೆ ತಂದು ವಾರವೆಲ್ಲ ಅದರ ಮೇಲೆ ಬದುಕುತ್ತಿದ್ದಳು.

ಒಂದೇ ಒಂದು ಸಲ, ನದಿ ದಂಡೆಯ ಮೋಟೆಲಿನಲ್ಲಿ, ಅವನು ಪುಸ್ತಕದಲ್ಲಿ 'ಮಿಸ್ಟರ್ ಮತ್ತು ಮಿಸೆಸ್ ವೋಸ್' ಎಂದು ಬರೆದಿದ್ದ. ಅವಳ ಮುಖ ಅರಳಿದ್ದು ನೋಡಿ, "ದಂಪತಿಗಳಿಗೆ ಡಿಸ್ಕೌಂಟ್ ಕಣೆ" ಅಂದಿದ್ದ. ಆ ಮಾತನ್ನು ಅವಳು ಮರೆತಳು. ಬರೆದದ್ದನ್ನು ಮರೆಯಲಿಲ್ಲ.

ಹಿತ್ತಿಲ ಮೂರನೆಯ ಮೆಟ್ಟಿಲು ಕೊಳೆತಿತ್ತು. ಬರುವ ಶನಿವಾರ ಸರಿ ಮಾಡುತ್ತೇನೆ ಎಂದು ಆರ್ಲನ್ ಎರಡು ವರ್ಷ ಹೇಳಿದ. ಅಕ್ಟೋಬರಿನ ಒಂದು ಬೆಳಿಗ್ಗೆ, ಒದ್ದೆ ಬಟ್ಟೆಯ ಬುಟ್ಟಿ ಹಿಡಿದು ಇಳಿಯುತ್ತಿದ್ದ ಡ್ಯಾನೆಟ್ ಕಾಲಡಿ ಅದು ಮುರಿಯಿತು. ಪಾದದ ಕೀಲು ಮೂರು ಕಡೆ ಒಡೆಯಿತು.

ಆಸ್ಪತ್ರೆಯಲ್ಲಿ ನರ್ಸ್ ಅವನನ್ನು ನೀವು ಇವರಿಗೆ ಏನಾಗಬೇಕು ಎಂದು ಕೇಳಿದಳು. "ಪರಿಚಯದವರು," ಅಂದ. ಅಲ್ಲಿ ಕಣ್ಣು ಹೊಡೆಯಲಿಲ್ಲ.

ಕೀಲು ಸರಿಯಾಗಿ ಕೂಡಲಿಲ್ಲ. ವರ್ಷದೊಳಗೆ ಇನ್ನೊಂದು ಆಪರೇಷನ್ ಆಗದಿದ್ದರೆ ಕಾಲು ಹೀಗೇ ಬಿಗಿದುಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದರು. ದಿನವಿಡೀ ನಿಂತು ದುಡಿಯುವವಳು ಹತ್ತು ನಿಮಿಷ ನಿಲ್ಲಲಾರದವಳಾಗಿದ್ದಳು. ಆಪರೇಷನ್ನಿಗೆ ಅವಳ ಹತ್ತಿರ ಏನೂ ಇರಲಿಲ್ಲ.

ವಕೀಲ ಹೆಗ್‌ಸ್ಟ್ರಾಮ್ ದಾರಿ ತೋರಿಸಿದ. ಆರ್ಲನ್ನನ ಮನೆಗೆ ವಿಮೆ ಇದೆ. ಮಾಲೀಕನ ಅಸಡ್ಡೆಯಿಂದ ಹೊರಗಿನವರಿಗೆ ಪೆಟ್ಟಾದರೆ ಕಂಪನಿ ಕೊಡುತ್ತದೆ. ಆದರೆ ಕಂಪನಿಯ ಮೇಲೆ ದಾವೆ ಹೂಡಲು ಬರುವುದಿಲ್ಲ, ಆರ್ಲನ್ನನ ಹೆಸರಿನ ಮೇಲೇ ಹೂಡಬೇಕು.

ಹೊರಗಿನವರು ಅಂದರೆ ಯಾರು ಎಂದು ಅವಳು ಕೇಳಿದಳು.

ಮನೆಯವರಲ್ಲದವರು, ಅಂದ ವಕೀಲ. ಅದೇ ಮನೆಯಲ್ಲಿರುವ ಹೆಂಡತಿ ಬಿದ್ದರೆ ಕಂಪನಿ ಬಿಡಿಗಾಸೂ ಕೊಡುವುದಿಲ್ಲ, ದಾವೆ ಅಲ್ಲಿಗೇ ಮುಗಿಯುತ್ತದೆ. ನಮ್ಮ ಅಯೋವಾ ರಾಜ್ಯದಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ಮದುವೆಗೆ ಪಾದ್ರಿಯೂ ಬೇಡ, ಕಾಗದವೂ ಬೇಡ. ಒಪ್ಪಿ ಒಂದೇ ಮನೆಯಲ್ಲಿದ್ದು, ನಾಲ್ಕು ಜನರೆದುರು ಗಂಡ ಹೆಂಡತಿ ಎಂದು ಹೇಳಿಕೊಂಡು ಬಾಳಿದರೆ ಅದೇ ಮದುವೆ.

"ಯಾವತ್ತಾದ್ರೂ ಯಾರ ಮುಂದಾದ್ರೂ ನಿಮ್ಮನ್ನ ಹೆಂಡತಿ ಅಂದಿದ್ದಾರಾ?"

"ಯಾವತ್ತೂ ಇಲ್ಲ."

"ಅದೃಷ್ಟ ಮಾಡಿದ್ದೀರಿ," ಅಂದ ಹೆಗ್‌ಸ್ಟ್ರಾಮ್. ಅವನ ಮುಖದಲ್ಲಿ ನಿಜವಾದ ಸಂತೋಷವಿತ್ತು. ಡ್ಯಾನೆಟ್ ಊರುಗೋಲಿನ ರಬ್ಬರನ್ನೇ ನೋಡುತ್ತ ಕೂತಳು.

ದಾವೆಯ ಕಾಗದ ಬಂದ ಸಂಜೆ ಆರ್ಲನ್ ಅದನ್ನು ಊಟದ ಮೇಜಿನಲ್ಲಿ ಓದಿ ತಮಾಷೆ ಮಾಡಿದ. ಪ್ರತಿವಾದಿಗೆ ಇನ್ನೊಂದು ಚೂರು ಪೈ ಸಿಗುತ್ತದೆಯೇ ಎಂದು ತಟ್ಟೆ ಚಾಚಿದ. ವಾದಿ ಬಡಿಸಿದಳು. ಅವನು ಅವಳ ಬ್ಯಾಂಡೇಜು ಕಟ್ಟಿದ ಕಾಲನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡು, ಬೆರಳುಗಳನ್ನು ಒಂದೊಂದಾಗಿ ಒತ್ತಿದ. ಅಷ್ಟು ಹತ್ತಿರ ಅವರು ಆಮೇಲೆ ಕೂರಲಿಲ್ಲ.

ಕೆಲವು ವಾರಗಳ ಮೇಲೆ ಅವನಿಗೆ ಕಂಪನಿಯಿಂದ ಒಂದು ಪತ್ರ ಬಂತು. ವಿಮೆಗೆ ಒಂದು ಮಿತಿ ಇದೆ, ಕೋರ್ಟು ಅದಕ್ಕಿಂತ ಹೆಚ್ಚು ಕೊಡಿಸಿದರೆ ಉಳಿದದ್ದು ನಿಮ್ಮ ಜಮೀನಿನಿಂದ ಹೋಗಬೇಕು, ಪೆಟ್ಟಾದವರ ಹತ್ತಿರ ಕ್ಷಮೆ ಕೇಳಬೇಡಿ. ಅವನು ಪತ್ರವನ್ನು ಫ್ರಿಜ್ಜಿನ ಮೇಲಿಟ್ಟ. ಅಂದಿನಿಂದ ಫೋನ್ ಬಂದರೆ ಟ್ರ್ಯಾಕ್ಟರ್ ಶೆಡ್ಡಿಗೆ ಹೋಗಿ ಮಾತಾಡುತ್ತಿದ್ದ.

ದಾವೆಯಲ್ಲಿ ಹೇಳಿಕೆ ಕೊಡುವ ದಿನ ಇಬ್ಬರೂ ಒಂದೇ ಪಿಕಪ್ಪಿನಲ್ಲಿ ಹೋದರು. ಅವನು ಅವಳಿಗೆ ಬಾಗಿಲು ತೆಗೆದುಕೊಟ್ಟ.

ಕೋಣೆಯಲ್ಲಿ ಉದ್ದನೆಯ ಮೇಜು, ಹೇಳಿದ್ದೆಲ್ಲ ಟೈಪ್ ಮಾಡುವ ಒಬ್ಬ ಹೆಂಗಸು, ಕಂಪನಿ ನೇಮಿಸಿದ ವಕೀಲೆ, ಡ್ಯಾನೆಟ್ ಪಕ್ಕದಲ್ಲಿ ಹೆಗ್‌ಸ್ಟ್ರಾಮ್. ವಕೀಲೆ ಆರ್ಲನ್ನನಿಂದ ಪ್ರಮಾಣ ಮಾಡಿಸಿ ಮೆಟ್ಟಿಲಿನ ಬಗ್ಗೆ ಕೇಳಿದಳು, ಮರದ ಬಗ್ಗೆ ಕೇಳಿದಳು. ಆಮೇಲೆ ಡ್ಯಾನೆಟ್ ಕ್ರೂಸ್ ನಿಮಗೇನಾಗಬೇಕು ಎಂದಳು.

ಅವನು ನೀರು ಕುಡಿದ. ಎಡಗಿವಿಯ ಅಂಚು ಮುಟ್ಟಿಕೊಂಡ.

"ನನ್ನ ಹೆಂಡತಿ," ಅಂದ.

ಡ್ಯಾನೆಟ್ಟಳ ಎದೆಯಲ್ಲಿ ಏನೋ ತಟ್ಟನೆ ಅರಳಿತು. ಕತ್ತು ಕೆಂಪಾಯಿತು. ಮೂರು ವರ್ಷ ಕಾದ ಮಾತು. ಅವನು ಕನ್ನಡಿ ಇಲ್ಲದೆ, ನೇರವಾಗಿ ಅವಳನ್ನು ನೋಡಿ ಹೇಳಿದ್ದ. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಅವಳು ಆ ಕೋಣೆಯಲ್ಲೇ ಮದುವೆಯಾಗಿದ್ದಳು.

ಆಮೇಲೆ ಪಕ್ಕದಲ್ಲಿ ಹೆಗ್‌ಸ್ಟ್ರಾಮ್‌ನ ಪೆನ್ನು ನಿಂತದ್ದು ಕೇಳಿಸಿತು. ಉಸಿರು ಬಿಡುವುದರೊಳಗೆ ಅವಳಿಗೆ ಎಲ್ಲ ತಿಳಿಯಿತು.

ಆರ್ಲನ್ ಮುಂದುವರಿಸಿದ. ಒಂದೇ ಮಂಚ, ಒಂದೇ ಅಡಿಗೆ. ಮೋಟೆಲಿನ ಪುಸ್ತಕದಲ್ಲಿ ಗಂಡ ಹೆಂಡತಿ ಎಂದೇ ಬರೆದದ್ದು, ಬೇಕಾದರೆ ತರಿಸಿ ನೋಡಿ ಅಂದ. ಅವಳು ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದನ್ನು ಅವನು ಮೇಜಿನ ಮೇಲೆ ಸುರಿದ.

ಅವಳ ಸರದಿ ಬಂತು. ಕಂಪನಿಯ ವಕೀಲೆ ದನಿ ಮೃದು ಮಾಡಿಕೊಂಡಳು. "ಮಿಸ್ಟರ್ ವೋಸ್ ಹೇಳಿದ್ದು ನಿಜಾನಾ? ನೀವು ಅವರ ಹೆಂಡತೀನಾ?"

ಹೌದು ಅಂದರೆ ಅವನು ಉಳಿಯುತ್ತಾನೆ. ಅಲ್ಲ ಅಂದರೆ ಕಾಲು.

"ಅಲ್ಲ," ಅಂದಳು ಡ್ಯಾನೆಟ್.

ಹೆಗ್‌ಸ್ಟ್ರಾಮ್ ಈಗ ತಾನು ಪ್ರಶ್ನೆ ಕೇಳತೊಡಗಿದ. ಅವನು ಕೇಳಿದ್ದಕ್ಕೆಲ್ಲ ಅವಳು ಒಂದೊಂದಾಗಿ ಉತ್ತರ ಕೊಟ್ಟಳು. ಚರ್ಚಿನ ಊಟದಲ್ಲಿ ಏನಂದ, ಪಾದ್ರಿಗೆ ಏನಂದ, ಅವನ ತಾಯಿಯ ಅಂತ್ಯಕ್ರಿಯೆಯಲ್ಲಿ ಅವಳನ್ನು ಮನೆಯವರಿಂದ ದೂರ ಯಾವ ಸಾಲಿನಲ್ಲಿ ಕೂರಿಸಿದ, ಆಸ್ಪತ್ರೆಯ ನರ್ಸಿಗೆ ಏನಂದ. ಟೈಪಿಸುವ ಹೆಂಗಸು ಒಂದನ್ನೂ ಬಿಡಲಿಲ್ಲ. ಒಂದೊಂದು ಅವಮಾನವೂ ಅವಳ ಕಾಲಿಗೆ ಒಂದೊಂದು ಸಾಕ್ಷಿಯಾಗುತ್ತಿತ್ತು. ಆರ್ಲನ್ ಮೇಜಿನ ಅಂಚು ನೋಡುತ್ತಿದ್ದ.

"ಮತ್ತೆ ಮೋಟೆಲಿನ ಪುಸ್ತಕ?"

"ಅದು ಡಿಸ್ಕೌಂಟ್‌ಗೆ," ಅಂದಳು. "ಅವರೇ ಹಾಗಂದ್ರು."

ಮನೆಗೆ ಹೋಗಲು ಟ್ಯಾಕ್ಸಿ ಕರೆದಳು. ಬಟ್ಟೆ ತುಂಬಿಕೊಂಡು ಮುಂಬಾಗಿಲಿನಿಂದ ಇಳಿದಳು.

ಕಂಪನಿ ವಿಮೆಯ ಮಿತಿಯಷ್ಟನ್ನೂ ಕೊಟ್ಟು ರಾಜಿ ಮಾಡಿಕೊಂಡಿತು. ಅವಳು ಅದಕ್ಕಿಂತ ಹೆಚ್ಚು ಕೇಳಲಿಲ್ಲ. ಆರ್ಲನ್ನನ ಜಮೀನು ಒಂದು ಅಡಿಯೂ ಕದಲಲಿಲ್ಲ. ಅವನು ಬಾಯಿ ತೆಗೆಯದೇ ಇದ್ದಿದ್ದರೂ ಇಷ್ಟೇ ಆಗುತ್ತಿತ್ತು.

ಮುಂದಿನ ವರ್ಷ ಜೋಳ ಎದೆಯೆತ್ತರ ಬಂದಾಗ ಆಪರೇಷನ್ ಆದ ಡ್ಯಾನೆಟ್ ಎರಡೂ ಕಾಲಿನ ಮೇಲೆ ನಿಂತು ಸಲೂನಿನಲ್ಲಿ ಕೆಲಸ ಮಾಡುತ್ತಿದ್ದಳು. ಒಂದು ಮಧ್ಯಾಹ್ನ ಆರ್ಲನ್ ಬಂದು ಅವಳ ಕುರ್ಚಿಯಲ್ಲಿ ಕೂತ. ಕೂದಲು ಕಾಲರಿಗೆ ಇಳಿದಿತ್ತು. ಅವಳು ಬಟ್ಟೆ ಹೊದಿಸಿದಳು.

"ಮೆಟ್ಟಿಲು ಸರಿ ಮಾಡ್ದೆ," ಅಂದ.

"ಒಳ್ಳೇದಾಯ್ತು. ಬಂದು ಹೋಗೋರಿಗೆ ಅನುಕೂಲ."

ಕತ್ತರಿ ಆಡಿತು. ಅವನು ಕನ್ನಡಿಯಲ್ಲಿ ಅವಳನ್ನು ಹುಡುಕಿದ.

"ಡ್ಯಾನಿ, ಅವತ್ತು ಆ ಮಾತಿಗೆ ಬಾಯಿ ತೆಗೆದಿದ್ದು ಜಮೀನಿಗೋಸ್ಕರ. ಹೇಳಿ ಮುಗಿಸೋ ಹೊತ್ತಿಗೆ ನಿಜ ಆಗೋಗಿತ್ತು."

"ಗೊತ್ತು," ಅಂದಳು. "ನಾನೂ ಕೇಳಿಸ್ಕೊಂಡೆ. ತಲೆ ಅಲ್ಲಾಡಿಸಬೇಡಿ."

ಆ 'ಬೇಡಿ'ಗೆ ಅವನು ಕಣ್ಣು ಮುಚ್ಚಿಕೊಂಡ. ಎಡಗಿವಿಯ ಹತ್ತಿರ ಬಂದಾಗ ಅವಳು ಕಿವಿಯನ್ನು ಎರಡು ಬೆರಳಲ್ಲಿ ಮಡಿಸಿ ಹಿಡಿದು, ಬಹಳ ಜಾಗ್ರತೆಯಿಂದ ಕತ್ತರಿಸಿದಳು. ಹಳೆಯ ಗಾಯದ ಗುರುತು ಇನ್ನೂ ಅಲ್ಲೇ ಇತ್ತು. ಅದರ ಮೇಲೆ ಅವಳ ಹೆಬ್ಬೆರಳು ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚು ನಿಂತಿತು. ಆಮೇಲೆ ಬಟ್ಟೆ ಕೊಡವಿದಳು.

ಅವನು ಎದ್ದು ಟೋಪಿ ಹಾಕಿಕೊಂಡು ಬಾಗಿಲಿನ ಹಿಡಿಯ ಮೇಲೆ ಕೈ ಇಟ್ಟ. ಪಕ್ಕದ ಕುರ್ಚಿಗೆ ಹೊಸದಾಗಿ ಸೇರಿದ್ದ ಹುಡುಗಿ, ಯಾರವರು, ನಿಮ್ಮನ್ನೇ ಹಾಗೆ ನೋಡ್ತಿದ್ರಲ್ಲ ಎಂದು ಕೇಳಿದಳು.

ಡ್ಯಾನೆಟ್ ಪೊರಕೆ ಎತ್ತಿಕೊಂಡಳು.

"ಅವರಾ? ನನ್ನ ಹತ್ರ ಕೂದಲು ಕತ್ತರಿಸ್ಕೊಳ್ಳೋರು," ಅಂದಳು, ಬಾಗಿಲವರೆಗೂ ಕೇಳುವ ಹಾಗೆ.

ಅವನು ತಿರುಗಿ ನೋಡಿದ. ಅವಳು ಕಣ್ಣು ಹೊಡೆಯಲಿಲ್ಲ.