ಹಂದಿ ರೂಪಾಯಿ

ಪೆಟ್ಟಿಗೆಯೊಳಗಿನ ಮಖಮಲ್ಲಿನ ಗುಳಿ ಖಾಲಿಯಿತ್ತು.

ರಮಾಕಾಂತರಾಯರು ಕನ್ನಡಕ ತೆಗೆದು, ಧೋತರದ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಗುಳಿ ಖಾಲಿಯೇ ಇತ್ತು.

"ಮಂದಾ, ನೀ ಏನರ ತಗದಿಟ್ಟೀಯೇನವಾ?"

"ಇಲ್ಲ ಕಾಕಾ," ಎಂದಳು ಮಂದಾಕಿನಿ. ದನಿ ಅವಳಿಗೇ ಕೇಳಿಸಲಿಲ್ಲ.

ಹೋದದ್ದು ಸಾದಾ ರೂಪಾಯಿಯಲ್ಲ. ಹನ್ನೊಂದನೇ ಇಸವಿಯದು. ಐದನೇ ಜಾರ್ಜ್ ದೊರೆಯ ನಿಲುವಂಗಿಯ ಮೇಲೆ ಕೊರೆದ ಆನೆ ಥೇಟ್ ಹಂದಿಯಂತೆ ಕಾಣುತ್ತದೆಂದು ಜನ ಗದ್ದಲವೆಬ್ಬಿಸಿದ್ದರು. ಸರಕಾರ ಅವನ್ನು ಮರಳಿ ಕರೆಸಿ ಕರಗಿಸಿತ್ತು. ತಪ್ಪಿಸಿಕೊಂಡು ಉಳಿದವು ಅಲ್ಲೊಂದು ಇಲ್ಲೊಂದು. ದೊರೆಯೇ ತೀರಿಕೊಂಡ ಈ ವರ್ಷ, ಮುಂಬಯಿಯ ವ್ಯಾಪಾರಿಯೊಬ್ಬ ಕೇಳಿದ ಬೆಲೆಗೂ ಕಾಕಾ ಅದನ್ನು ಕೊಟ್ಟಿರಲಿಲ್ಲ.

ಮಾಸ್ತರಿಕೆಯಿಂದ ನಿವೃತ್ತರಾದ ಮೇಲೆ ಕಾಕಾನಿಗೆ ಇದೊಂದೇ ಹುಚ್ಚು. ವಾರಕ್ಕೊಮ್ಮೆ ಬಜಾರಿನ ಕಿರಾಣಿ ಅಂಗಡಿಯ ಗುರುಶಿದ್ದಪ್ಪನವರಿಗೆ ನೋಟು ಕಳಿಸಿ, ಕಾಗದ ಸುತ್ತಿದ ರೂಪಾಯಿಯ ಸುರುಳಿಗಳನ್ನು ತರಿಸುವುದು. ಚಾಪೆಯ ಮೇಲೆ ಬಿಚ್ಚಿ ಒಂದೊಂದನ್ನೇ ತಿರುವಿ ನೋಡುವುದು. ಅಪರೂಪದ್ದು ಸಿಕ್ಕರೆ ಇಟ್ಟುಕೊಂಡು ಬದಲಿಗೆ ತಮ್ಮದೊಂದನ್ನು ಹಾಕುವುದು. ಉಳಿದದ್ದನ್ನು ಮತ್ತೆ ಸುತ್ತಿ ಅಂಗಡಿಗೆ ಕಳಿಸುವುದು. ಬಹಳ ವಾರ ಏನೂ ಸಿಗುತ್ತಿರಲಿಲ್ಲ. ಬಿ.ಎ. ಮುಗಿಸಿ ಕಾಕಾನ ಮನೆಯಲ್ಲೇ ಇದ್ದ ಮಂದಾಕಿನಿಗೂ ಆ ಹುಚ್ಚು ಹತ್ತಿತ್ತು. ಜನರೆದುರು ಬಾಯಿ ಬಿಡಲು ಹೆದರುವವಳಿಗೆ ನಾಣ್ಯಗಳ ಸಹವಾಸ ಹಿತವಾಗಿತ್ತು. ಅವು ತಿರುಗಿ ಏನನ್ನೂ ಕೇಳುತ್ತಿರಲಿಲ್ಲ.

"ಮೊದಲ ನನ್ನ ಕಿಸೆ ನೋಡ್ರಿ, ರಾಯರ," ಎಂದು ಯಜ್ಞೇಶ್ವರ ಎದ್ದು ನಿಂತ.

ಹುಬ್ಬಳ್ಳಿಯ ಕೇಶ್ವಾಪುರದವ. ಇದೇ ಹುಚ್ಚಿನವ. ಹಂದಿ ರೂಪಾಯಿಯನ್ನು ಇನ್ನೊಮ್ಮೆ ಕಣ್ಣು ತುಂಬ ನೋಡಬೇಕೆಂದು ಮುಂಜಾನೆಯೇ ಬಂದಿದ್ದ. ಕೋಟಿನ ಕಿಸೆಗಳನ್ನು ಹೊರಗೆಳೆದು ತೋರಿಸಿದ. ಧೋತರ ಜಾಡಿಸಿದ. ಏನೂ ಬೀಳಲಿಲ್ಲ.

ಇದು ಗೆಳೆಯರೊಳಗಿನ ಕಟ್ಟಳೆ. ನಾಣ್ಯಗಳ ಮುಂದೆ ಕೂಡುವ ಮೊದಲು ತಮ್ಮ ರೊಕ್ಕವನ್ನು ಪಡಸಾಲೆಯ ಹಿತ್ತಾಳೆ ಬಟ್ಟಲಲ್ಲಿ ಹಾಕಬೇಕು. ಏಳುವಾಗ ಕಿಸೆ ಜಾಡಿಸಿ ತೋರಿಸಿ, ಬಟ್ಟಲಿನದನ್ನು ಮರಳಿ ತೆಗೆದುಕೊಳ್ಳಬೇಕು. ಕಾಕಾ ಬಟ್ಟಲಿನ ರೂಪಾಯಿಗಳ ಇಸವಿಯನ್ನೂ ನೋಡಿದರು. ಒಂದೂ ಹನ್ನೊಂದರದಲ್ಲ.

"ಹಂಗಾರ, ಜಾಡಿಸದ ಹೊರಗ ಹೋದವರು ಯಾರು?" ಯಜ್ಞೇಶ್ವರ ಮೆಲ್ಲಗೆ ಕೇಳಿದ. "ದುರಗವ್ವ ಒಬ್ಬಾಕಿನ ಅಲ್ಲೇನ್ರಿ?"

ಮನೆಗೆಲಸದ ದುರಗವ್ವ ಆಗಷ್ಟೇ ಮೂರು ಸುರುಳಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಅಂಗಡಿಗೆ ಮುಟ್ಟಿಸಿ ಬಂದಿದ್ದಳು. ಬಾಗಿಲಲ್ಲೇ ನಿಂತುಬಿಟ್ಟಳು.

"ಸೊಂಟದ ಚೀಲಾ ಬಿಚ್ಚು," ಎಂದರು ಕಾಕಾ.

"ಒಲ್ಲೆ."

"ಒಲ್ಲೆ ಅಂದ್ರ?"

"ಒಲ್ಲೆ ಅಂದ್ರ ಒಲ್ಲೆರಿ. ಎಲಿ ಅಡಿಕಿ ಐತಿ."

"ಸಂಜಿಗೆ ಪೊಲೀಸ ಫೌಜದಾರ ಮಹಾದೇವಪ್ಪ ಬರ್ತಾರ. ಅವರ ಮುಂದ ಬಿಚ್ಚೀಯಂತ."

ದುರಗವ್ವನ ಮೋರೆ ಬೂದಿಯಾಯಿತು. "ಎಪ್ಪಾ, ನಾಳೆ ಹೆಬ್ಬಳ್ಳಿಯಿಂದ ಬೀಗರು ಬರಾಕತ್ತಾರ್ರಿ. ಚೌಕಿ ಮೆಟ್ಟಲ ಹತ್ತಿದಾಕಿ ಮಗಳನ್ನ ಯಾರ ಮಾಡ್ಕೋತಾರ್ರಿ?"

ಕಾಕಾ ಮೋರೆ ತಿರುವಿದರು. ಯಜ್ಞೇಶ್ವರ ಬಟ್ಟಲಿನ ರೊಕ್ಕ ಕಿಸೆಗಿಳಿಸಿ, ಹುಬ್ಬಳ್ಳಿ ರೈಲಿಗೆ ಹೊತ್ತಾಯಿತೆಂದು ಟಾಂಗಾ ಹತ್ತಿದ.

*

ಹಿತ್ತಲ ಬಾವಿಯ ಹತ್ತಿರ ಮಂದಾಕಿನಿ ದುರಗವ್ವನ ಎದುರು ಕೂತಳು.

"ದುರಗವ್ವ, ಚೀಲದಾಗ ಏನದ?"

"ನೀನೂ ಹಂಗ ಅಂತೀಯಾ, ಎವ್ವಾ?"

"ನಾ ಅನ್ನೂದಿಲ್ಲ. ಫೌಜದಾರ ಅಂತಾರ."

ದುರಗವ್ವ ಅತ್ತಿತ್ತ ನೋಡಿ ಚೀಲ ಬಿಚ್ಚಿದಳು. ಎಲೆ, ಅಡಿಕೆ, ಸುಣ್ಣದ ಡಬ್ಬಿ. ಅದರ ಕೆಳಗೆ ಚಿಂದಿ ಅರಿವೆಯಲ್ಲಿ ಕಟ್ಟಿದ ತಪಕೀರ. ಘಮ್ಮೆಂದಿತು. ಕಾಕಾ ಮೂಗಿಗೇರಿಸುವ ನಶ್ಯವೇ.

"ರಾಯರ ಡಬ್ಬ್ಯಾಗಿಂದು. ಚಿಟಿಕಿ ಚಿಟಿಕಿ ತಗೋತಿದ್ನಿ," ಎಂದು ಆಕೆ ನೆಲ ನೋಡಿದಳು. "ಇದನ್ನ ತೋರಿಸಿದ್ರ, ಇದನ್ನ ಕದ್ದಾಕಿ ಅದನ್ನೂ ಕದ್ದಾಳ ಅಂತಿದ್ರು."

ಮಂದಾಕಿನಿಗೆ ನಗು ಬಂತು. ಹಿಂದೆಯೇ ಸಂಶಯವೂ ಬಂತು. ತಪಕೀರ ಮುಚ್ಚಿಡಬಲ್ಲವಳು ರೂಪಾಯಿ ಮುಚ್ಚಿಡಲಾರಳೇ? ಮತ್ತೆ ಕಾಕಾ? ಮುಂಬಯಿಯವನಿಗೆ ಗುಟ್ಟಾಗಿ ಮಾರಿ, ಕಳವಾಯಿತೆಂದು ಹೇಳುತ್ತಿದ್ದರೆ? ಆ ಯೋಚನೆಗೆ ತಾನೇ ನಾಚಿದಳು. ಆದರೆ ಅದು ಒಮ್ಮೆ ಬಂದದ್ದು ಹೋಗಲೊಲ್ಲದು. ಪಡಸಾಲೆಯಲ್ಲಿ ಕೆಮ್ಮಿದ ಕಾಕಾನ ದನಿಯೂ ಬೇರೆಯಾಗಿ ಕೇಳಿಸಿತು.

ದುರಗವ್ವ ಹಾದಿಯಲ್ಲಿ ಎಲ್ಲಾದರೂ ನಿಂತಿದ್ದಳೇ? ಅದನ್ನು ಗುರುಶಿದ್ದಪ್ಪನವರನ್ನೇ ಕೇಳಬೇಕು. ಒಬ್ಬಳೇ ಬಜಾರಕ್ಕೆ ಹೋಗಿ, ಗಂಡಸರ ಮುಂದೆ ನಿಂತು, ಮಾತಾಡಬೇಕು. ಚಪ್ಪಲಿ ಮೆಟ್ಟಿದಳು.

*

ಓಣಿಯ ಮೂಲೆಯಲ್ಲಿ, ಯಜ್ಞೇಶ್ವರನನ್ನು ಕರೆದೊಯ್ದಿದ್ದ ಗುಲಾಬಸಾಬನ ಟಾಂಗಾ ಮರಳಿ ಬಂದು ನಿಂತಿತ್ತು.

"ಯಜ್ಞೇಶ್ವರ ಅವರನ್ನ ಠೇಶನ್ನಿಗೆ ಬಿಟ್ರೇನು?"

"ಇಲ್ರೀ ಅಕ್ಕಾರ, ಬಜಾರದಾಗ ಇಳದ್ರು. ಇಳಿಯೂದ ಇಳದ್ರು, ಸಣ್ಣ ಬಾಡಗಿಗೆ ಇಡೀ ರೂಪಾಯಿ ಕೊಟ್ಟು ಚಿಲ್ಲರೆಲ್ಲಾ ಬಳಕೊಂಡು ಹೋದ್ರು ನೋಡ್ರಿ. ಮೊದಲ ಕಿಸ್ಯಾಗ ಆಣೆ ಝಣಝಣ ಅನ್ನಾಕತ್ತಿದ್ವು. ಖೋಟಾ ಇರಬೇಕಂತ ಕಲ್ಲಿಗೆ ಬಡದು ನೋಡಿದ್ನಿ. ಖರೇನ ಐತಿ, ಆದ್ರ ಹೊಲಸ."

ಅವನು ರೂಪಾಯಿಯನ್ನು ಅಂಗೈಯಲ್ಲಿಟ್ಟು ತೋರಿಸಿದ. ದೊರೆಯ ಕಿವಿ, ಗಡ್ಡ, ಕಿರೀಟದ ಗೆರೆಗಳಲ್ಲೆಲ್ಲ ಬಿಳಿಯದೇನೋ ಒಣಗಿ ಕೂತಿತ್ತು.

ಮಂದಾಕಿನಿ ಉಗುರಿನಿಂದ ಕೆರೆದು ಮೂಸಿದಳು. ಅದು ಹೊಲಸಲ್ಲ.

"ಈ ರೂಪಾಯಿ ಹಂಗ ಇಟ್ಕೊಳ್ರಿ, ಒರಸಬ್ಯಾಡ್ರಿ. ಬಜಾರಕ್ಕ ನಡೀರಿ. ಲಗೂ!"

ಇಷ್ಟು ಜೋರಾಗಿ ಆಕೆ ಮಾತಾಡಿದ್ದನ್ನು ಗುಲಾಬಸಾಬ ಕೇಳಿರಲಿಲ್ಲ. ಚಾಬೂಕು ಬೀಸಿದ.

*

ಊಟಕ್ಕೆ ಮುಚ್ಚಿದ್ದ ಅಂಗಡಿಯ ಹಲಗೆಗಳನ್ನು ಗುರುಶಿದ್ದಪ್ಪ ಆಗಷ್ಟೇ ತೆಗೆಯುತ್ತಿದ್ದರು. ಹಣೆಯ ತುಂಬ ವಿಭೂತಿ. ಎದುರಿನ ಕಟ್ಟೆಯ ಮೇಲೆ ಕಾದು ಕೂತಿದ್ದ ಯಜ್ಞೇಶ್ವರ ನೋಟು ಹಿಡಿದು ಎದ್ದ.

"ಆಳುಗಳ ಪಗಾರ ಬಟವಡೆ ಅದರಿ. ರಾಯರ ಮನಿಯಿಂದ ಬಂದ ಮೂರೂ ಸುರುಳಿ ಕೊಡ್ರಿ."

"ಬ್ಯಾರೆ ಸುರುಳಿನೂ ಅದಾವಲ್ರಿ."

"ಅವ ಇರ್ಲಿ. ಇವ ರಾಯರು ನೋಡಿಟ್ಟಾವು, ಖೋಟಾ ಇರೂದಿಲ್ಲ."

"ಕೊಡಬ್ಯಾಡ್ರಿ," ಎಂದಳು ಮಂದಾಕಿನಿ.

ಯಜ್ಞೇಶ್ವರ ತಿರುಗಿದ. ನಕ್ಕ. "ಏನ ತಂಗಿ, ನೀನೂ ಚಿಲ್ಲರಕ್ಕ ಬಂದ್ಯಾ?"

ಆಕೆ ಹಿಂದೆ ಸರಿಯಹೋದಳು. ನಾಳೆ ಬರುವ ಬೀಗರು ನೆನಪಾದರು.

"ಮೂರೂ ಸುರುಳಿಯ ಮ್ಯಾಲಿನ ಕಾಗದ ಅಷ್ಟ ಬಿಚ್ರಿ, ಗುರುಶಿದ್ದಪ್ಪನವರ."

ಗುರುಶಿದ್ದಪ್ಪ ಬಿಚ್ಚಿದರು. ಮೊದಲ ಸುರುಳಿಯ ಮೇಲಿನ ರೂಪಾಯಿಯಲ್ಲಿ ಬಿಳಿಯ ಗುರುತು. ಎರಡನೆಯದರಲ್ಲೂ ಅದೇ. ಮೂರನೆಯದನ್ನು ಬಿಚ್ಚಿ ಅವರು ಹುಬ್ಬು ಗಂಟಿಕ್ಕಿದರು.

"ಇದಕ್ಕ ವಿಭೂತಿನ ಇಲ್ಲಲ್ಲ!"

ಮಂದಾಕಿನಿ ಅದನ್ನು ತೆಗೆದು ಬೆಳಕಿಗೆ ಹಿಡಿದಳು. ದೊರೆಯ ಎದೆಯ ಮೇಲೆ ಆನೆ. ಆನೆಗೆ ಹಂದಿಯ ಮೋರೆ.

"ನೀವು ಸುರುಳಿ ಸುತ್ತೂವಾಗ ಶುಭಕ್ಕಂತ ಮ್ಯಾಲಿನ ರೂಪಾಯಿಗೆ ಹಸಿ ವಿಭೂತಿ ಹಚ್ಚತೀರಿ. ಆ ರೂಪಾಯಿ ಮ್ಯಾಲಿಂದ ಕದಲಬಾರದು ಅಂತ ಕಾಕಾಗ ಕರಾರು ಹಾಕೀರಿ. ಇವತ್ತ ಮೂರೂ ಸುರುಳಿ ಮತ್ತ ಸುತ್ತಿದಾಕಿ ನಾನ. ಮೂರಕ್ಕೂ ವಿಭೂತಿ ಇತ್ತು."

"ಆ ಕೆಲಸದಾಕಿನ ಇಟ್ಟಿರಬೇಕು!" ಯಜ್ಞೇಶ್ವರನ ದನಿ ಏರಿತು.

"ಆಕಿ ಇಟ್ಟಿದ್ರ, ತಗದ ರೂಪಾಯಿ ನಿಮ್ಮ ಕಿಸೆಗೆ ಹೆಂಗ ಬಂತು?"

ಗುಲಾಬಸಾಬ ಮುಂದೆ ಬಂದು ರೂಪಾಯಿಯನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟ. ಗುರುಶಿದ್ದಪ್ಪ ಕೈಮುಗಿದು ನೋಡಿದರು. ತಮ್ಮದೇ ಬೆರಳಿನ ಗುರುತು.

ಮಂದಾಕಿನಿ ತಡವರಿಸುತ್ತ ಬಿಡಿಸಿ ಹೇಳಿದಳು. ಸುರುಳಿ ಸುತ್ತಿಟ್ಟು ತಾನು ಚಹಾ ತರಲು ಹೋಗಿದ್ದಳು, ಕಾಕಾ ಭೂತಗನ್ನಡಿ ತರಲು ಒಳಗೆ ಹೋಗಿದ್ದರು. ಅಷ್ಟರಲ್ಲಿ ಯಜ್ಞೇಶ್ವರ ಒಂದು ಸುರುಳಿಯ ತುದಿ ಬಿಚ್ಚಿ, ಮೇಲಿನ ರೂಪಾಯಿ ತೆಗೆದು, ಹಂದಿ ರೂಪಾಯಿ ಇಟ್ಟು ಮುಚ್ಚಿದ. ಕಿಸೆಯಲ್ಲಿಟ್ಟುಕೊಂಡರೆ ಜಾಡಿಸುವಾಗ ಬೀಳುತ್ತಿತ್ತು. ಬಟ್ಟಲಲ್ಲಿ ಹಾಕಿದರೆ ಕಾಕಾ ಇಸವಿ ನೋಡುತ್ತಿದ್ದರು. ತೆಗೆದ ರೂಪಾಯಿಯನ್ನು ಸುರುಳಿಯಲ್ಲೇ ಬಿಟ್ಟರೆ ಒಂದು ಹೆಚ್ಚಾಗಿ ಅಂಗಡಿಯಲ್ಲಿ ಗೊತ್ತಾಗುತ್ತಿತ್ತು. ಅದಕ್ಕೇ ಅದನ್ನು ದೊರೆಯ ಮುಖ ಕೆಳಗೆ ಮಾಡಿ ಬಟ್ಟಲಿಗೆ ಹಾಕಿದ. ಕಾಕಾ ಇಸವಿಯ ಬದಿಯನ್ನಷ್ಟೇ ನೋಡಿದರು.

"ಬಿಳೇದು ಹೊಲಸ ಅಂದ್ಕೊಂಡ್ರಿ," ಎಂದಳು. "ಹೊಲಸ ರೂಪಾಯಿ ಮೊದಲ ದಾಟಿಸಿಬಿಟ್ರಿ."

ಯಜ್ಞೇಶ್ವರ ನೋಟು ಮಡಚಿದ. ಕಿಸೆ ಎಲ್ಲಿದೆಯೆಂದು ಕೈಗೆ ತಿಳಿಯಲಿಲ್ಲ.

*

ಸಂಜೆ ಫೌಜದಾರರು ಬಂದು ಹೋದರು. ಅವರೊಂದಿಗೆ ಹೋದವನು ಯಜ್ಞೇಶ್ವರ. ಚೀಲದಲ್ಲಿದ್ದದ್ದು ಬರೀ ತಪಕೀರವೆಂದು ಮಂದಾಕಿನಿ ಹೇಳಿದಾಗ, ಕಾಕಾ ದುರಗವ್ವನ ಮೋರೆ ನೋಡದೆ ಪೆಟ್ಟಿಗೆಗೆ ಕೀಲಿ ಹಾಕಿದರು. ಆಕೆ ಕಸಬರಿಗೆ ತೆಗೆದುಕೊಂಡು ಅಂಗಳಕ್ಕೆ ಹೋದಳು.

ಮರುದಿನ ಹೆಬ್ಬಳ್ಳಿಯ ಬೀಗರು ಬಂದರು. ನಿಶ್ಚಯದ ಸಕ್ಕರೆ ಹಂಚಲು ದುರಗವ್ವ ರಾಯರ ಮನೆಗೂ ಬಂದಳು. ಕಾಕಾ ತಿರುಗಾಡಲು ಹೊರಟು ಹೊಸಿಲ ಬಳಿ ನಿಂತಿದ್ದರು. ಆಕೆ ಸಕ್ಕರೆ ಕೊಟ್ಟಳು. ಆಮೇಲೆ ಪಡಸಾಲೆಯ ಹಿತ್ತಾಳೆ ಬಟ್ಟಲು ತಂದು ಅವರ ಮುಂದೆ ಹಿಡಿದಳು.

"ಕಿಸೆ ಜಾಡಿಸ್ರಿ, ರಾಯರ."

ಕಾಕಾ ದುರಗವ್ವನ ಮೋರೆ ನೋಡಿದರು. ಆಕೆ ನಗುತ್ತಿರಲಿಲ್ಲ. ನಿಧಾನವಾಗಿ ಕೋಟಿನ ಕಿಸೆಯನ್ನು ಹೊರಗೆಳೆದು ಜಾಡಿಸಿದರು. ತಪಕೀರದ ಡಬ್ಬಿ ಠಣ್ಣನೆ ಬಟ್ಟಲಿಗೆ ಬಿತ್ತು.

"ಅದನ್ನ ನೀನ ಇಟ್ಕೊ, ದುರಗವ್ವ," ಎಂದರು. "ತಪ್ಪಾತವಾ."

ದುರಗವ್ವ ಡಬ್ಬಿ ತೆರೆದು, ಎಲ್ಲರೆದುರಿಗೇ ಒಂದು ಚಿಟಿಕೆ ಏರಿಸಿ, ಮನೆ ನಡುಗುವಂತೆ ಸೀನಿದಳು.