ಪಟ್ಟಿಯಲ್ಲಿದ್ದ ಎರಡನೆಯ ನಂಬರ್

"ಮೇಡಂ, ನಿಮ್ಮ ಅಮ್ಮನ ಕೋಣೇನ ಪ್ರಪಂಚದಲ್ಲಿ ಯಾರು ಬೇಕಾದ್ರೂ ನೋಡಬಹುದು. ಗೊತ್ತಾ ನಿಮಗೆ?"

ಅವಳು ಕೈಯಲ್ಲಿದ್ದ ಕಾಫಿ ಲೋಟವನ್ನು ಅಲ್ಲೇ ಕೆಳಗಿಟ್ಟಳು.

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ ಇಂಟರ್ನೆಟ್ ಕಂಪನಿಯ ಟೆಕ್ನಿಷಿಯನ್ ಲ್ಯಾಪ್‌ಟಾಪನ್ನು ಅವಳತ್ತ ತಿರುಗಿಸಿದ. ಪರದೆಯಲ್ಲಿ ಮಂಚ, ಮಾತ್ರೆಯ ಡಬ್ಬಿ, ಬಲಭಾಗ ಸ್ವಾಧೀನ ತಪ್ಪಿ ಮಲಗಿದ್ದ ಅಮ್ಮ…

"ಮುಚ್ಚಿ ಅದನ್ನ!"

"ಮುಚ್ಚೋಕೇ ಬಂದಿರೋದು. ಹೊರಗಿನವರನ್ನ ತಡೆಯೋ ಫೈರ್‌ವಾಲ್ ಆಫ್ ಮಾಡಿದ್ದು ಯಾರು?"

"ನಾನೇ… ಆಫೀಸಿಂದ ಕ್ಯಾಮೆರಾ ಕಾಣಿಸ್ತಿರ್ಲಿಲ್ಲ. ಎಲ್ಲೋ ಓದಿ ಆಫ್ ಮಾಡಿದೆ."

"ಬೀಗ ತೆಗೆಯೋಕೆ ಬರಲಿಲ್ಲ ಅಂತ ಗೋಡೇನೇ ಕೆಡವಿದ್ರಿ!"

ಅವಳಿಗೆ ಕೋಪ ಬರಬೇಕಿತ್ತು. ನಗು ಬಂತು. ಎಷ್ಟು ದಿನವಾಗಿತ್ತೋ ಈ ಮನೆಯಲ್ಲಿ ಯಾರಾದರೂ ನಕ್ಕು!

ಅವನು ರೂಟರಿನ ಹಳೆಯ ಪಾಸ್‌ವರ್ಡ್ ಬದಲಿಸಿದ. ಹೊರಗಿನಿಂದ ಬರುವ ಕರೆಯನ್ನು ರೂಟರ್ ನೇರವಾಗಿ ಕ್ಯಾಮೆರಾಗೆ ದಾಟಿಸುವಂತೆ ಪೋರ್ಟ್ ಫಾರ್ವರ್ಡಿಂಗ್ ಮಾಡಿದ. ಆ ದಾರಿಯಲ್ಲಿ ಅವಳ ಆಫೀಸಿನ ಐಪಿ ನಂಬರ್, ಅಂದರೆ ಅಲ್ಲಿನ ಇಂಟರ್ನೆಟ್ ವಿಳಾಸ, ಒಂದನ್ನೇ ಬಿಡುವಂತೆ ಫೈರ್‌ವಾಲಿಗೆ ಹೇಳಿದ.

"ಯಾರ‍್ಯಾರು ಬಂದರು ಅಂತ ಇಲ್ಲಿ ಪಟ್ಟಿ ಇರುತ್ತೆ. ವಾರಕ್ಕೊಮ್ಮೆ ನೋಡಿ. ಗುರುತಿಲ್ಲದ ನಂಬರ್ ಕಂಡ್ರೆ ಯಾರನ್ನೂ ನಂಬಬೇಡಿ. ನನ್ನನ್ನೂ."

ಅವಳು ಪಠ್ಯಪುಸ್ತಕಗಳ ಕರಡು ತಿದ್ದುವವಳು. ಒಂದೊಂದು ಅಕ್ಷರವನ್ನೂ ಅನುಮಾನದಿಂದ ನೋಡುವುದೇ ಅವಳ ಕಸುಬು. ಆದರೂ ಮುಂದಿನ ಎರಡು ತಿಂಗಳಲ್ಲಿ ಅವಳು ಅವನನ್ನು ನಂಬಿದಳು. ಅವನು ವೈರ್ ನೋಡುವ ನೆಪದಲ್ಲಿ ಮತ್ತೆ ಮತ್ತೆ ಬಂದ. ಪಟ್ಟಿ ನೋಡುವುದನ್ನೇ ಅವಳು ಮರೆತಳು. ಅಮ್ಮ ಅವನಿಗೆ 'ವೈರಪ್ಪ' ಎಂದು ಹೆಸರಿಟ್ಟಳು.

"ನಿಮ್ಮ ಮಗಳು ಮೆಸೇಜಲ್ಲೂ ಅಲ್ಪವಿರಾಮ ಹಾಕ್ತಾರಮ್ಮ. ಓದಿದ್ರೆ ನೋಟಿಸ್ ಬಂದ ಹಾಗಿರುತ್ತೆ!"

"ನೀ… ಪೂರ್ಣವಿರಾಮ… ಹಾಕಪ್ಪ," ಅಮ್ಮ ತೊದಲುತ್ತಾ ಕಣ್ಣು ಮಿಟುಕಿಸಿದಳು. ಮಗಳು ನಾಚಿ ಅಡುಗೆಮನೆಗೆ ಓಡಿದಳು.

ಆಫೀಸಿನಲ್ಲಿ ದಿನವೂ ಮೂರು ಗಂಟೆಗೆ ಅವಳು ಕ್ಯಾಮೆರಾ ತೆರೆಯುತ್ತಿದ್ದಳು. ಕ್ಯಾಮೆರಾದ ಮೂಲಕ ಮಾತಾಡಲೂಬಹುದಿತ್ತು, ಆದರೆ ಸುತ್ತ ಜನ; ದನಿ ಆರಿಸಿ ನೋಡುತ್ತಿದ್ದಳು. ಅಮ್ಮ ಎಡಗೈಯಲ್ಲೇ ತಲೆ ಬಾಚಿಕೊಂಡು, ಕ್ಯಾಮೆರಾದತ್ತ ಮುಖ ಮಾಡಿ ನಗುತ್ತಿದ್ದಳು.

'ನಾನು ನೋಡ್ತೀನಂತ ನಗ್ತಾಳೆ…' ಅವಳ ಕಣ್ಣು ತುಂಬುತ್ತಿತ್ತು.

ಒಂದು ಭಾನುವಾರ ಪಟ್ಟಿ ನೋಡಿದಾಗ ಅದರಲ್ಲಿ ಎರಡನೆಯ ನಂಬರ್ ಇತ್ತು. ದಿನವೂ ಮೂರಕ್ಕೆ. ಇಪ್ಪತ್ತು ನಿಮಿಷ.

ಹೊಸ ಪಾಸ್‌ವರ್ಡ್ ಗೊತ್ತಿದ್ದುದು ಇಬ್ಬರಿಗೇ. ಫೋನ್ ಮಾಡಿದಳು.

"ಇನ್ನೊಂದು ನಂಬರ್ ಬಿಟ್ಟಿದ್ದು ನೀವಾ?"

"…ಹೌದು."

"ಯಾರದ್ದು?"

"ಹೇಳೋ ಹಾಗಿಲ್ಲ. ದಯವಿಟ್ಟು, ಅಮ್ಮನ್ನ ಕೇಳಿ."

"ಮಲಗಿರೋ ನನ್ನ ಅಮ್ಮನ್ನ ಯಾರಿಗೋ ತೋರಿಸಿ, ಅವಳನ್ನೇ ಕೇಳು ಅಂತೀರಾ? ಛೀ!"

ಆ ನಂಬರಿಗೆ ದಾರಿ ಬಿಟ್ಟಿದ್ದ ನಿಯಮವನ್ನು ಅಳಿಸಿದಳು. ಪಾಸ್‌ವರ್ಡ್ ಬದಲಿಸಿದಳು. ಕಂಪನಿಗೆ ದೂರು ಬರೆದಳು, ಒಂದೂ ತಪ್ಪಿಲ್ಲದ ದೂರು. ವಾರದೊಳಗೆ ಅವನ ಕೆಲಸ ಹೋಯಿತು. ವಿಚಾರಣೆಯಲ್ಲೂ ಅವನು ಬಾಯಿ ಬಿಡಲಿಲ್ಲ.

ಮನೆಯಲ್ಲಿ ಅಮ್ಮ ಊಟ ಕಡಿಮೆ ಮಾಡಿದಳು. ಮೂರಕ್ಕೆ ತಲೆ ಬಾಚಿಕೊಂಡು ಕ್ಯಾಮೆರಾ ನೋಡುತ್ತಿದ್ದಳು. ಈಗ ನಗುತ್ತಿರಲಿಲ್ಲ.

"ಏನಾಯ್ತಮ್ಮ? ನಾನು ನೋಡ್ತಾನೇ ಇರ್ತೀನಲ್ಲ?"

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕೊನೆಗೆ ಅಳು ಒತ್ತರಿಸಿ ಬಂತು.

"ನಿನ್ನ… ಅಕ್ಕನ… ದನಿ ಬರ್ತಿಲ್ಲ ಕಣೇ…"

ಅಕ್ಕ! ಅಪ್ಪನ ಕೊನೆಗಾಲದಲ್ಲಿ ಬಾರದ ಅಕ್ಕ. 'ಅವಳ ಹೆಸರೆತ್ತಿದ್ರೆ ನಾನೂ ಮನೆ ಬಿಡ್ತೀನಿ' ಎಂದು ನಾಲ್ಕು ವರ್ಷದ ಹಿಂದೆ ಅಮ್ಮನಿಂದ ಇವಳೇ ಕಿತ್ತುಕೊಂಡಿದ್ದ ಅಕ್ಕ. ಇವಳಿಲ್ಲದ ಹೊತ್ತಿನಲ್ಲಿ ಅಮ್ಮ ವೈರಪ್ಪನ ಕೈ ಹಿಡಿದು ಅಕ್ಕನಿಗೂ ಕ್ಯಾಮೆರಾದ ದಾರಿ ಬಿಡುವಂತೆ ಬೇಡಿಕೊಂಡಿದ್ದಳು, ಯಾರಿಗೂ ಹೇಳುವುದಿಲ್ಲವೆಂದು ಆಣೆ ಹಾಕಿಸಿಕೊಂಡಿದ್ದಳು.

ಹಾಗಾದರೆ ಆ ನಗು… ಒಂದು ದಿನವೂ ತನಗಾಗಿರಲಿಲ್ಲ!

ಅವನು ಮೊಬೈಲ್ ರಿಪೇರಿ ಅಂಗಡಿಯೊಂದರ ಮೂಲೆಯ ಸ್ಟೂಲಿನ ಮೇಲೆ ಸಿಕ್ಕಿದ.

"ತಪ್ಪಾಯ್ತು… ನನಗೆ ಗೊತ್ತಿರಲಿಲ್ಲ."

"ಗೊತ್ತಾಗೋವರೆಗೂ ಕಾಯಬಹುದಿತ್ತು." ಅವನು ಬಿಚ್ಚಿಟ್ಟ ಫೋನಿನಿಂದ ತಲೆ ಎತ್ತಲಿಲ್ಲ.

"ನೀವು ಹೇಳಬಹುದಿತ್ತು! ಅದು ನನ್ನ ಮನೆ!"

"ಹೌದು. ನಂದೂ ತಪ್ಪೇ. ಆದ್ರೆ ನಾನು ನಿಮ್ಮ ಅಮ್ಮನ್ನ ಯಾರಿಗೂ ಮಾರಿರಲಿಲ್ಲ ಮೇಡಂ."

ಆ 'ಮೇಡಂ' ಚುಚ್ಚಿತು.

"ಒಂದ್ಸಲ ಬನ್ನಿ. ಅಕ್ಕನಿಗೆ ಮತ್ತೆ ದಾರಿ ಮಾಡ್ಕೊಡಿ."

"ನಾನು ರೂಟರ್ ಮುಟ್ಟಲ್ಲ. ಪಕ್ಕದಲ್ಲಿ ಕೂತು ಹೇಳ್ತೀನಿ. ನೀವೇ ಮಾಡಿ."

ಶನಿವಾರ ಮಧ್ಯಾಹ್ನ ಅವಳೇ ಟೈಪ್ ಮಾಡಿದಳು. ಒಂದು ಖಾಲಿ ಜಾಗದಲ್ಲಿ ಬೆರಳು ನಿಂತಿತು.

"ಇಲ್ಲಿ ಹಳೇ ನಂಬರ್ ಹಾಕಲಾ?"

"ಮನೆ ಕನೆಕ್ಷನ್‌ದು ಆಗಾಗ ಬದಲಾಗುತ್ತೆ. ಈಗಿಂದು ನಿಮ್ಮ ಅಕ್ಕನ್ನೇ ಕೇಳಬೇಕು."

"ನೀವು ಕೇಳಿ."

"ಊಹೂಂ. ಇನ್ನು ಈ ಮನೇಲಿ ನಾನು ಕದ್ದು ಏನೂ ಮಾಡಲ್ಲ."

ಅವಳು ಅಕ್ಕನಿಗೆ ಫೋನ್ ಹಚ್ಚಿದಳು.

"ನಾನು… ನಿನ್ನ ಐಪಿ ನಂಬರ್ ಬೇಕು."

ಆ ನಂಬರ್ ಎಲ್ಲಿ ಸಿಗುತ್ತದೆಂದು ಇವನು ಪಕ್ಕದಿಂದ ಹೇಳಿಕೊಟ್ಟ. ಆಮೇಲೆ ಅಕ್ಕ ಅಂಕಿಗಳನ್ನು ಒಂದೊಂದಾಗಿ ಓದಿದಳು. ಇವಳು ಬರೆದುಕೊಂಡಳು.

"ಅಮ್ಮ ಹೇಗಿದಾಳೆ?"

"ಮೂರಕ್ಕೆ ನೀನೇ ನೋಡು."

ಫೋನ್ ಇಟ್ಟಳು. ಅಕ್ಕನನ್ನು ಕ್ಷಮಿಸುವ ಮನಸ್ಸು ಬಂದಿರಲಿಲ್ಲ. ಬರುವ ಲಕ್ಷಣವೂ ಇರಲಿಲ್ಲ.

ಮೂರಕ್ಕೆ ಕ್ಯಾಮೆರಾದಿಂದ "ಅಮ್ಮಾ…" ಎಂಬ ದನಿ ಬಂತು. ಅಮ್ಮನ ಮುಖ ಅರಳಿತು. ಅದನ್ನು ನೋಡಲಾಗದೆ ಅವಳು ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದಳು. ಅವನು ಒಂದು ಮೆಟ್ಟಿಲು ಬಿಟ್ಟು ಕೂತ.

"ಆರು ವರ್ಷದ ಕೆಲಸ ಅದು. ಮರೆತುಬಿಡ್ತೀನಿ ಅಂತ ಸುಳ್ಳು ಹೇಳಲ್ಲ."

"ಹೇಳಬೇಡಿ."

"ಆದ್ರೆ ಅಂಗಡೀಲಿ ಕೂತು ದಿನಾ ನಿಮ್ಮ ಮೆಸೇಜಿಗೇ ಕಾದೆ. ನನಗೆ ಮಾನ ಇಲ್ಲ ಅನ್ನಿಸ್ತು."

"ನೀವು ಬೇಕು ನನಗೆ… ಆದ್ರೆ ನನ್ನ ಅನುಮಾನ ಹೋಗಲ್ಲ. ನಾಳೆನೂ ಪಟ್ಟಿ ನೋಡ್ತೀನಿ."

"ನೋಡಿ. ಆದ್ರೆ ಏನಾದ್ರೂ ಕಂಡ್ರೆ ಮೊದಲು ನನ್ನ ಹತ್ರ ಜಗಳ ಆಡ್ತೀರಾ?"

"ಉತ್ತರ ಕೊಡ್ತೀರಾ?"

"ಕೊಡ್ತೀನಿ."

ಅವಳು ಕಣ್ಣೊರೆಸಿಕೊಂಡು, ನಡುವೆ ಖಾಲಿಯಿದ್ದ ಮೆಟ್ಟಿಲಿಗೆ ಸರಿದು ಕೂತಳು.

"ಹಾಗಾದ್ರೆ ಆಡ್ತೀನಿ."