ಬಚ್ಚಲುಮನೆಯ ಚಿಲಕ

ಮನೆ ಬಾಡಿಗೆಗೆ ಕೊಟ್ಟವನಿಗೆ ನೆಮ್ಮದಿಯ ಊಟವೂ ಇಲ್ಲ ಕಣ್ರೀ. ತುತ್ತು ಬಾಯಿಗಿಡುವಷ್ಟರಲ್ಲಿ ಮಹಡಿಮನೆಯ ನರ್ಸಮ್ಮನ ಫೋನು.

“ಅಂಕಲ್, ಬಚ್ಚಲುಮನೆ ಮತ್ತೆ ಒಳಗಿಂದ ಚಿಲಕ ಹಾಕ್ಕೊಂಡಿದೆ. ಒಳಗೆ ಯಾರೂ ಇಲ್ಲ.”

ಚಿಲಕ ಬದಲಿಸಿದ್ದಾಯಿತು, ಹೊಸ ಬಾಗಿಲೇ ಹಾಕಿಸಿದ್ದಾಯಿತು. ನನಗೂ ತಲೆ ಕೆಟ್ಟಿತ್ತು. ಮೇಲೆ ಹೋದರೆ ಬಾಗಿಲು ತಾನಾಗಿಯೇ ತೆರೆದಿತ್ತು. ಸ್ಕ್ರೂಡ್ರೈವರ್ ಹಿಡಿದು ಚಿಲಕವನ್ನೇ ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡೆ.

“ಇನ್ನು ಅದ್ಯಾರು ಹಾಕ್ಕೋತಾರೋ ನಾನೂ ನೋಡ್ತೀನಮ್ಮಾ!”

ಮೆಟ್ಟಿಲು ಇಳಿಯುವಷ್ಟರಲ್ಲಿ ಅವಳು ಮತ್ತೆ ಕೂಗಿದಳು. ಹೋಗಿ ಭುಜ ಕೊಟ್ಟು ನೂಕಿದೆ. ಬಾಗಿಲು ಅಲುಗಲಿಲ್ಲ. ಒಳಗೆ ಬಕೆಟ್ಟಿಗೆ ನೀರು ಬೀಳುತ್ತಿತ್ತು. ನನಗೆ ರೇಗಿಹೋಯಿತು.

“ಯಾರೋ ಅದು? ಹೊರಗೆ ಬಾ!”

ನೀರು ನಿಂತಿತು. ನನ್ನ ಜೇಬಿನೊಳಗೆ ಚಿಲಕ ಟಕ್ಕೆಂದು ಸರಿಯಿತು. ಬಾಗಿಲು ತೆರೆದುಕೊಂಡಿತು.